ಚಂದಮ್ಮನ ಮನೆಯ ಕತ್ತಿ

ಮದುವೆಯಾಗಿ ಶಹಾಪುರದ ಆ ಮನೆಗೆ ಬಂದ ದಿನವೇ ಅತ್ತೆ ಚಂದಮ್ಮನಿಗೆ ದೇವರ ಜಗಲಿಯ ಮೇಲಿದ್ದ ಕತ್ತಿ ತೋರಿಸಿದ್ದಳು. ಸುರಪುರದ ಗಾದಿ ತನಗೇ ಬರಬೇಕೆಂದು ಹಟ ಹಿಡಿದು ಗಡಿಪಾರಾದ ದೊರೆಮಗನೊಬ್ಬ ಅದನ್ನು ಈ ಮನೆಯ ಹಿರಿಯರ ಕೈಗೆ ಕೊಟ್ಟುಹೋಗಿದ್ದನಂತೆ. ಅವನ ವಂಶದವರು ಬಂದರೆ ಮರುಮಾತಿಲ್ಲದೆ ಕೊಟ್ಟುಬಿಡಬೇಕು. ಅತ್ತೆ ಹೋದಳು, ಗಂಡನೂ ಹೋದ. ರೊಟ್ಟಿ ಬಡಿದು ಮಾರಿ ಬದುಕಿದ ಚಂದಮ್ಮ ಮೂವತ್ತೆರಡು ವರ್ಷ ಅದಕ್ಕೆ ಎಣ್ಣೆ ಸವರಿದಳು. ಯಾರೂ ಬರಲಿಲ್ಲ.

ಈ ಸಲ ಆಯುಧಪೂಜೆಯಲ್ಲಿ ನಾದಿನಿ ಸೌಭಾಗ್ಯ ಕತ್ತಿಯ ಫೋಟೊ ತೆಗೆದಳು. ಅದು ಮೊಬೈಲಿನಿಂದ ಮೊಬೈಲಿಗೆ ಹೋಗಿ, ಹತ್ತು ದಿನಕ್ಕೆ ಸೈದಾಪುರದಿಂದ ಒಬ್ಬರು ಫೋನು ಮಾಡಿದರು. ಕತ್ತಿ ನಮ್ಮ ಮುತ್ಯಾಂದು, ಅಪ್ಪನ ಅಪ್ಪಂದು, ನೋಡಬೇಕಾಗಿದೆ ಎಂದರು.

ಚಂದಮ್ಮ ಮನೆ ಸಾರಿಸಿ ಹೋಳಿಗೆ ಮಾಡಿದಳು. ಬಂದವನು ಅರವತ್ತರ ಸಣಕಲು ಮನುಷ್ಯ, ಬಗಲಲ್ಲಿ ಬುತ್ತಿಚೀಲ.

"ಬರ್ರಿ ದೊರಿ," ಎಂದು ಕಾಲಿಗೆ ನೀರು ಕೊಟ್ಟಳು.

"ದೊರಿ ಅನಬ್ಯಾಡ್ರಿ ಅಕ್ಕಾರ. ನಾ ಕಾಂತೇಶ. ಕಡೇಚೂರ ಫ್ಯಾಕ್ಟರ್ಯಾಗ ಗೇಟ್ ಕಾಯ್ತೀನಿ."

ಕತ್ತಿಯನ್ನು ತಿರುಗಿಸಿ, ಹಿಡಿಯ ಕೆಳಗಿನ ಮುಕ್ಕಿನ ಮೇಲೆ ಹೆಬ್ಬೆರಳಿಟ್ಟ. "ಇದೇ ರೀ. ಅಪ್ಪ ಹೇಳಿದ ಗುರ್ತು."

ಚಂದಮ್ಮನ ಕಣ್ಣು ತುಂಬಿತು. "ತಗೊಂಡು ಹೋಗ್ರಿ. ನಮ್ಮ ಭಾರ ಇಳೀಲಿ."

"ಸಿಟ್ಟಾಗಬ್ಯಾಡ್ರಿ, ಒಂದು ಮಾತು ಹೇಳ್ತೀನಿ. ನಮ್ಮ ಮುತ್ಯಾ ದೊರಿ ಅಲ್ಲ. ದೊರಿಮಗನ ಕುದರಿ ನೋಡ್ಕೊಳ್ಳಾಂವ. ಒಡಿಯ ಹಾದ್ಯಾಗ ಸತ್ತ. ಮುತ್ಯಾ ಅವನ ಕತ್ತಿ ಹಿಡಕೊಂಡು, ನಾನೇ ದೊರಿ ಅಂತ ನಿಮ್ಮ ಮನ್ಯಾಗ ಆರು ತಿಂಗಳು ಉಂಡ. ತಪ್ಪಾತು ಅಂತ ಹೇಳಿ ಬಾ ಅಂದು ಅಪ್ಪ ಸತ್ತ."

ಚಂದಮ್ಮ ಕತ್ತಿಯತ್ತ ನೋಡಿದಳು. ಇಷ್ಟು ವರ್ಷ ತಾನು ಅದಕ್ಕೆ ಕುಂಕುಮ ಹಚ್ಚಿದ್ದು ಯಾರ ಹೆಸರಿಗೆ?

"ಖರೇ ಏನ್ರಿ?"

"ಅಪ್ಪ ಹಂಗ ಹೇಳ್ಯಾನ. ನಮ್ಮ ಆಯಿ, ಮುತ್ಯಾನ ಹೆಂಡ್ತಿ, ಮಾತ್ರ ನಾವು ದೊರಿಗಳೇ ಅಂತಿದ್ಲು. ಮುತ್ಯಾ ಪೊಲೀಸರಿಗೆ ಹೆದರಿ, ಕುದರಿ ಕಾಯಾಂವ ಅಂತ ಸುಳ್ಳು ಹೇಳ್ಕೋತ ತಿರಗ್ಯಾನಂತ. ಯಾವುದು ಖರೇ, ನನಗೂ ತಿಳಿವಲ್ದು."

"ಹಂಗಾದ್ರ ಕತ್ತಿ ಕೊಡ್ಲೋ ಬ್ಯಾಡೋ?"

"ನಾ ಏನು ಹೇಳ್ಲಿ? ಬಸ್ಸಿನ್ಯಾಗ ಹಿಡಕೊಂಡು ಹೋದ್ರ ಯಾದಗಿರಿ ಸ್ಟ್ಯಾಂಡಿನ್ಯಾಗ ಪೊಲೀಸರು ನನ್ನೇ ಹಿಡೀತಾರ."

ನಗು ಬಂತು ಇಬ್ಬರಿಗೂ. ಚಂದಮ್ಮ ಎದ್ದು ಊಟಕ್ಕೆ ನೀಡಿದಳು. ಆತ ತಲೆ ತಗ್ಗಿಸಿ ಮೂರು ಹೋಳಿಗೆ ಉಂಡ. "ಇನ್ನೊಂದು ನೀಡ್ಲೇನ್ರಿ..." ಎಂದವಳು ಮುಂದೆ ಅವನನ್ನು ಏನೆಂದು ಕರೆಯಬೇಕೋ ಹೊಳೆಯದೆ ಹೋಳಿಗೆ ಹಿಡಿದೇ ನಿಂತಳು. ಕಾಂತೇಶ ತಾನೇ ತಾಟು ಮುಂದೆ ಮಾಡಿದ.

ನಾಲ್ಕರ ಬಸ್ಸಿಗೆ ಅವನು ಬರಿಗೈಯಲ್ಲೇ ಹೋದ. ಸಂಜೆ ಸೌಭಾಗ್ಯಳ ಫೋನು.

"ಕೊಟ್ಟಿ ಏನ ವೈನಿ?"

"ಇಲ್ಲ."

"ಯಾಕ, ಅವರು ಖರೇ ವಾರಸದಾರರು ಅಲ್ಲೇನು?"

"ಗೊತ್ತಿಲ್ಲವ್ವಾ. ನಿಮ್ಮ ಮನಿಯವರನ್ನ ಕರಕೊಂಡು ಮತ್ತ ಬರ್ರಿ ಅಂತ ಹೇಳೀನಿ. ಯಾಕ ಹೇಳಿದ್ನೋ ಅದೂ ಗೊತ್ತಿಲ್ಲ."