ಎಣಿಸ್ತಾ ಇದ್ದೀನಿ

ಆಸ್ಪತ್ರೆಯವರಿಗೆ ಒಂದು ಕೆಟ್ಟ ಚಾಳಿ. ಕಾಯಿಲೆ ಬಿದ್ದವನು ಎದುರಿಗೇ ಕೂತಿರುತ್ತಾನೆ, ಕಣ್ಣು ಕಿವಿ ಎಲ್ಲ ನೆಟ್ಟಗಿರುತ್ತವೆ. ಇವರು ಮಾತ್ರ ಪಕ್ಕದಲ್ಲಿದ್ದವಳ ಕಡೆ ತಿರುಗಿ, “ಊಟ ಮಾಡ್ತಾರಾ? ನಿದ್ದೆ ಬರುತ್ತಾ? ಹಟ ಮಾಡ್ತಾರಾ?” ಎಂದು ಕೇಳುತ್ತಾರೆ. ಹಟವಂತೆ! ಮೀಸೆ ನರೆತ ಗಂಡಸೇನು ತೊಟ್ಟಿಲ ಕೂಸೇ?

ಕೇಳಿ ಕೇಳಿ ಲಾಂಡ್ರಿಯವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಲಾಂಡ್ರಿಯವಳು ಅಂದರೆ ಪೇಟೆಯ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅವಳ ಕೈಗೆ ಸಿಕ್ಕಿದ ಅಂಗಿಯಲ್ಲಿ ಒಂದು ಸುಕ್ಕು ಹುಡುಕಿ ತೋರಿಸಿದವರಿಲ್ಲ. ಅವಳ ಗಂಡ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಬಾಯಿಯೇ ಬಂಡವಾಳ. ಮನೆಯಲ್ಲೂ ಅದೇ ಗಂಟಲು. ಅವನು ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಡಬ್ಬಿ ಹಿಡಿದು ಬರಬೇಕು, ಹಾಗಿತ್ತು. ಅಂಥವನಿಗೆ ಒಂದು ಬೆಳಿಗ್ಗೆ ಆಲೂಗಡ್ಡೆ ಮೂಟೆಗಳ ಮುಂದೆ ನಿಂತು ಕೂಗುತ್ತಿದ್ದಾಗಲೇ ಬಾಯಿ ಸೊಟ್ಟಗಾಯಿತು, ಬಲಗೈ ಬಲಗಾಲು ಬಿದ್ದುಹೋದವು. ಲಕ್ವ. ಕಾಲು ಮರಳಿ ಬಂತು, ಕೈ ಅರ್ಧ ಬಂತು, ಮಾತು ಮಾತ್ರ ಸರಿಯಾಗಿ ಬರಲಿಲ್ಲ.

ಬುದ್ಧಿಗೆ ಏನೂ ಆಗಿರಲಿಲ್ಲ. ಹೇಳಬೇಕಾದದ್ದೆಲ್ಲ ಒಳಗೇ ಇತ್ತು, ಹೊರಗೆ ಬರಲು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತನ್ನು ಅವನಿಗೆ ಯಾರೂ ಕೊಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಮೊದಲು ಅವಳೂ ಕೊಡಲಿಲ್ಲ. ಡಾಕ್ಟರು ಕೇಳುವುದೇ ತಡ, ಪಟಪಟನೆ ತಾನೇ ಉತ್ತರ ಹೇಳಿ ಮುಗಿಸುತ್ತಿದ್ದಳು. ಬಸ್ಸಿನಲ್ಲಿ ಮನೆಗೆ ಬರುವಾಗ ಅವನು ಕಿಟಕಿಯಿಂದಾಚೆ ಮುಖ ತಿರುಗಿಸಿ ಕೂರುತ್ತಿದ್ದ. ಸುಸ್ತಾಗಿರಬೇಕು ಎಂದುಕೊಳ್ಳುತ್ತಿದ್ದಳು.

ಅವಳು ಕ್ರೋಶಾ ಹೆಣಿಗೆ ಹಿಡಿದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹುಚ್ಚು ಹಿಡಿಯದಿರಲಿ ಎಂದು. ಚಿಕ್ಕಂದಿನಲ್ಲಿ ಚಿಕ್ಕಮ್ಮ ಕಲಿಸಿದ್ದು, ಮದುವೆಯಾದ ಮೇಲೆ ಮೂಲೆ ಸೇರಿತ್ತು. ಒಂದು ಕೊಕ್ಕೆ ಕಡ್ಡಿ, ಒಂದು ಉಣ್ಣೆ ಉಂಡೆ. ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಹೋದರೆ ಎದೆಯ ಡವಡವ ನಿಧಾನಕ್ಕೆ ಇಳಿಯುತ್ತಿತ್ತು. ತಪ್ಪಿದರೆ ದಾರ ಹಿಡಿದು ಸರ್ರನೆ ಎಳೆದರಾಯಿತು, ತಪ್ಪಿದ ಜಾಗಕ್ಕೇ ವಾಪಸ್ಸು ಹೋಗಬಹುದು. ಆ ಕಟ್ಟಡದಲ್ಲಿ ಇನ್ನು ಯಾವುದಕ್ಕೆ ಆ ಭಾಗ್ಯ ಇತ್ತು? ಉಂಡೆಯನ್ನು ಗಂಡನ ಬಲಗೈಗೆ ಕೊಟ್ಟಿದ್ದಳು. ದಾರ ಬಿಡುವುದು ಅವನ ಕೆಲಸ, ಬೆರಳಿಗೂ ವ್ಯಾಯಾಮ. ಬೆಂಚಿನಲ್ಲಿ ಪಕ್ಕದವರು, “ಏನಿದು, ಶಾಲಾ? ಹೊದಿಕೆನಾ?” ಎಂದರೆ, “ಗೊತ್ತಿಲ್ಲ. ಬೆಳೀತಾ ಇದೆ, ಬೆಳೀಲಿ ಬಿಡಿ” ಎನ್ನುತ್ತಿದ್ದಳು.

ಒಂದು ದಿನ ನರ್ಸಮ್ಮ ಎಂದಿನಂತೆ ಅವಳನ್ನೇ ಕೇಳಿದಳು, “ತಲೆ ಸುತ್ತು ಬರುತ್ತಾ ಇವರಿಗೆ?” ಲಾಂಡ್ರಿಯವಳು ಆಗ ನಿಜಕ್ಕೂ ಅಂಚಿನ ಕುಣಿಕೆ ಎಣಿಸುತ್ತಿದ್ದಳು, ಮಧ್ಯದಲ್ಲಿ ಬಾಯಿ ಬಿಟ್ಟರೆ ಎಲ್ಲ ಮೊದಲಿನಿಂದ. ಒಂದು ಬೆರಳು ಎತ್ತಿ, “ಎಣಿಸ್ತಾ ಇದ್ದೀನಿ” ಎಂದಳು. ಎಣಿಸುವವರನ್ನು ಮಾತಾಡಿಸಬಾರದು ಎನ್ನುವ ಮರ್ಯಾದೆ ಎಲ್ಲರಿಗೂ ಗೊತ್ತು. ನರ್ಸಮ್ಮ ಪೆನ್ನು ಹಿಡಿದು ಸುಮ್ಮನೆ ನಿಂತಳು. ಆ ನಿಶ್ಶಬ್ದದೊಳಕ್ಕೆ ಅವನು ಮೆಲ್ಲಗೆ, ಮೂಟೆ ಇಳಿಸುವವನ ಹಾಗೆ, ಒಂದು ಮಾತು ಇಳಿಸಿದ:

“ಬೆ... ಬೆಳಿಗ್ಗೆ.”

ಬೆಳಿಗ್ಗೆ ತಲೆ ಸುತ್ತುತ್ತದಂತೆ! ಮೂರು ಹೊತ್ತೂ ಪಕ್ಕದಲ್ಲಿದ್ದ ಹೆಂಡತಿಗೇ ಗೊತ್ತಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಅಲ್ಲಿಂದ ಮುಂದೆ ಅವಳು ಎಣಿಸಿದ್ದೇ ಎಣಿಸಿದ್ದು. ಎಣಿಸಲು ಏನೂ ಇಲ್ಲದ ಸಾಲಿನಲ್ಲೂ ಎಣಿಸಿದಳು. ಫಿಸಿಯೋದವನು ಕೇಳಿದರೆ ಬೆರಳು ಮೇಲೆ, ಔಷಧಿ ಕೌಂಟರಿನವನು ಕೇಳಿದರೆ ಬೆರಳು ಮೇಲೆ. ಅವರು ಗೊಣಗಿದರು, ಗಡಿಯಾರ ನೋಡಿದರು, ಕೊನೆಗೆ ಬೇರೆ ದಾರಿಯಿಲ್ಲದೆ ಅವನ ಮುಖ ನೋಡಿದರು. ಬಸ್ಸಿನಲ್ಲಿ ಅವನು ಕಿಟಕಿ ಬಿಟ್ಟು ಇವಳ ಕಡೆ ತಿರುಗಿ ಕೂರತೊಡಗಿದ.

ಹೀಗಿರುವಾಗ ದೊಡ್ಡ ಡಾಕ್ಟರಮ್ಮನ ಕರೆ ಬಂತು. ಗಂಡನ ಅಣ್ಣನೂ ಜೊತೆಗೆ ಬಂದ. ಬಸ್ ಡಿಪೋದ ಮೇಲ್ವಿಚಾರಕ, ಮನಸ್ಸು ಬೆಣ್ಣೆ, ಬಾಯಿ ಮಾತ್ರ ಯಾರಿಗೂ ಜಾಗ ಬಿಡದು. ತಮ್ಮ “ನೀ” ಎನ್ನುವಷ್ಟರಲ್ಲಿ “ನೀರಾ? ತಗೋ” ಎಂದು ಲೋಟ ಹಿಡಿಯುವವನು; ತಮ್ಮ ಹೇಳಹೊರಟದ್ದು “ನೀನು ಹೋಗು” ಎಂದಿದ್ದರೂ ನೀರು ಕುಡಿಯಲೇಬೇಕು.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ತೋರಿಸಿದಳು. ಕುತ್ತಿಗೆಯ ರಕ್ತನಾಳ ಬಹಳ ಕಿರಿದಾಗಿದೆ. ಹಾಗೇ ಬಿಟ್ಟರೆ ಇನ್ನೊಂದು ಸಲ ಲಕ್ವ ಹೊಡೆಯಬಹುದು, ಇದ್ದದ್ದೂ ಹೋಗಬಹುದು. ಕೊಯ್ದು ಬಿಡಿಸಬಹುದು. ಆದರೆ ಕೊಯ್ಯುವಾಗ ಟೇಬಲ್ ಮೇಲೇ ಲಕ್ವ ಹೊಡೆಯುವ, ಜೀವವೇ ಹೋಗುವ ಅಪಾಯವೂ ಉಂಟು. ಇಷ್ಟು ಹೇಳಿ ಅವಳು ಲಾಂಡ್ರಿಯವಳ ಕಡೆ ತಿರುಗಿದಳು. “ಏನಮ್ಮ, ಏನ್ ಮಾಡೋಣ?”

ಬೇಡ. ಲಾಂಡ್ರಿಯವಳಿಗೆ ಆ ಒಂದೇ ಪದ ಬೇಕಿತ್ತು. ಇರುವ ಮಾತು ಹೋದರೂ ಹೋಗಲಿ, ಮನುಷ್ಯ ಇರಲಿ. ಆದರೂ ಅಭ್ಯಾಸವಾದ ಬೆರಳು ತಾನಾಗಿ ಎದ್ದಿತು.

“ಎಣಿಸ್ತಾ ಇದ್ದೀನಿ. ಅವರನ್ನ ಕೇಳಿ.”

“ಅವನನ್ನೇನು ಕೇಳೋದು,” ಎಂದ ಅಣ್ಣ. “ನಾವೇ...”

“ಭಾವ, ಎಣಿಕೆ ತಪ್ಪುತ್ತೆ.”

ಅಣ್ಣ ಬಾಯಿ ಮುಚ್ಚಿದ. ಡಾಕ್ಟರಮ್ಮ ಬಾಗಿಲ ಕಡೆ ನೋಡಿದಳು. ಹೊರಗೆ ಇನ್ನೂ ಜನ ಕಾಯುತ್ತಿದ್ದರು. ಕಾಯಲಿ. ಕಡ್ಡಿ ಆಡುತ್ತಲೇ ಇತ್ತು. ಗಂಡನ ಹಣೆಯಲ್ಲಿ ಬೆವರು ಮೂಡಿತು, ಉಂಡೆ ಹಿಡಿದ ಬೆರಳುಗಳು ಬಿಗಿಯಾದವು. ಬೇಡ ಅನ್ನಿ, ಬೇಡ ಅನ್ನಿ ಎಂದು ಅವಳು ಪ್ರತಿ ಕುಣಿಕೆಗೂ ಒಳಗೊಳಗೇ ಹೇಳಿಕೊಂಡಳು. ಅವನು ಬೇಡ ಎಂದೇ ಅನ್ನುತ್ತಾನೆ ಎಂದು ನಂಬಿದ್ದಳು ಕೂಡ.

“ಕೊ...” ಎಂದ. ನಿಂತ. ತಲೆ ಕೊಡವಿಕೊಂಡು ಮತ್ತೆ ಹಿಡಿದ. “ಕೊಯ್ಯಿ.”

ಅಣ್ಣ ಕುರ್ಚಿಯಿಂದ ಎದ್ದೇ ಬಿಟ್ಟ. “ಏನೋ ಹೇಳೋಕ್ಕೆ ಹೋಗಿ ಏನೋ ಅಂದಿದಾನೆ ಡಾಕ್ಟ್ರೇ. ಮೊನ್ನೆ ಬಾಗಿಲಿಗೆ ಚಮಚ ಅಂದ. ಇವನ ಮಾತು ಹಿಡೀಬೇಡಿ. ನೀನು ಹೇಳಮ್ಮ, ಬೇಡ ಅಂತ. ನಿನ್ನ ಮಾತೇ ಕೊನೆ.”

ಚಮಚ ಅಂದದ್ದು ನಿಜ. ಅವಳು ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಯಾರೂ ಅವಳನ್ನು ಆಡಿಕೊಳ್ಳುತ್ತಿರಲಿಲ್ಲ. ಹೂಂ ನಾಲಗೆಯ ತುದಿಗೆ ಬಂದೂ ಇತ್ತು. ಅವಳು ಗಂಡನನ್ನು ನೋಡಿದಳು. ಅವನದು ಬೇಡಿಕೊಳ್ಳುವ ನೋಟವಲ್ಲ. ಹರಾಜಿನಲ್ಲಿ ಬೆಲೆ ಕೂಗಿ ಆಮೇಲೆ ಹಿಂದೆ ಸರಿಯುವ ವ್ಯಾಪಾರಿಯನ್ನು ಅವನು ಮಾರುಕಟ್ಟೆಯಲ್ಲಿ ನೋಡುತ್ತಿದ್ದ ನೋಟ. ಅವಳು ಕಡ್ಡಿ ಕೆಳಗಿಟ್ಟಳು.

“ಬೇಡ ಅನ್ನೋದು ನನ್ನ ಮಾತು, ಭಾವ. ನನಗೆ ಭಯ. ಆದ್ರೆ ಕುತ್ತಿಗೆ ನಂದಲ್ಲ. ಅವರು ಹೇಳಿ ಆಯ್ತು, ನೀವು ಕೇಳಿ ಆಯ್ತು.”

“ಅಪಾಯ ಅರ್ಥ ಆಗಿದೆಯಾ ಅಮ್ಮ?” ಎಂದಳು ಡಾಕ್ಟರಮ್ಮ.

“ನನ್ನನ್ನಲ್ಲ ಡಾಕ್ಟ್ರೇ. ಆ ಕಡೆ ತಿರುಗಿ ಕೇಳಿ. ಉತ್ತರ ಬರೋವರೆಗೂ ಕೂತಿರಿ, ನಾವೂ ನಿಮಗೋಸ್ಕರ ಬೆಳಿಗ್ಗೆಯಿಂದ ಕೂತಿದೀವಿ.”

ಡಾಕ್ಟರಮ್ಮನ ಮುಖ ಕೆಂಪಾಯಿತು. ಆದರೆ ಕುರ್ಚಿ ತಿರುಗಿತು. ಅಪಾಯವನ್ನೆಲ್ಲ ಮೊದಲಿನಿಂದ ಅವನಿಗೇ ಹೇಳಿದಳು, ನಿಧಾನಕ್ಕೆ, ಕಣ್ಣಲ್ಲಿ ಕಣ್ಣಿಟ್ಟು. “ಜೀವ ಹೋಗಬಹುದು. ಗೊತ್ತಾಯ್ತಾ ನಿಮಗೆ?”

“ಗೊತ್ತು,” ಎಂದ. ಆಮೇಲೆ ಬಹಳ ಹೊತ್ತು ಬಾಯಿ ಆಡಿಸಿದ. ಯಾರೂ ಮಧ್ಯೆ ಬರಲಿಲ್ಲ, ಅಣ್ಣ ಕೂಡ. “ಇರೋ... ಮಾತು... ಕೊಡಲ್ಲ.”

ಇನ್ನೊಂದು ಲಕ್ವಕ್ಕೆ ತನ್ನ ಈ ನಾಲ್ಕು ಮಾತನ್ನೂ ಬಿಟ್ಟುಕೊಡಲಾರೆ ಎಂದ. ಅಣ್ಣ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡ. ಕೊಯ್ಯುವ ದಿನ ನಿಗದಿಯಾಯಿತು.

ಹೊರಗೆ ಲಿಫ್ಟಿನ ಮುಂದೆ ಲಾಂಡ್ರಿಯವಳ ಕಟ್ಟೆ ಒಡೆಯಿತು. ಅಳುತ್ತಲೇ ಗದರಿದಳು. “ಕೊಯ್ಯಿ ಅಂತೆ, ಕೊಯ್ಯಿ! ಕುಂಬಳಕಾಯಿ ಕೊಯ್ಯೋ ಹಾಗೆ! ಅಷ್ಟು ಹೊತ್ತು ಕಾದಿದ್ದಕ್ಕೆ ಬೇರೆ ಮಾತೇ ಸಿಗಲಿಲ್ವ ನಿಮಗೆ? ನಗ್ತಾ ಇದೀರಾ? ನಗ್ರಿ. ಟೇಬಲ್ ಮೇಲೆ ಏನಾದ್ರೂ ಹೆಚ್ಚುಕಮ್ಮಿ ಮಾಡ್ಕೊಂಡ್ರೆ ನೋಡಿ, ಜನ್ಮದಲ್ಲಿ ಮಾತಾಡಿಸಲ್ಲ ನಾನು.”

ಅವನು ಅದಕ್ಕೆ ಉತ್ತರ ಹೇಳಲು ಬಾಯಿ ತೆರೆದ. ಲಿಫ್ಟ್ ಬಂತು, ಬಾಗಿಲು ತೆರೆಯಿತು. ಹಿಂದಿದ್ದವರು, “ಹತ್ತಮ್ಮ, ಹತ್ತು, ದಾರಿ ಬಿಡು” ಎಂದು ತಳ್ಳಿದರು. ಅವಳು ಕದಲಲಿಲ್ಲ.

“ನೀವು ಹೋಗಿ,” ಎಂದಳು. “ನಮ್ಮೆಜಮಾನ್ರು ಮಾತಾಡ್ತಾ ಇದಾರೆ.”