ಕ್ಯಾನಿನೊಳಗಿನ ಗಡ್ಡೆ

ನೇತ್ರಾಳ ಪ್ರಯೋಗಾಲಯದಲ್ಲಿ ಡೀಪ್ ಫ್ರೀಜರ್ ಇರಲಿಲ್ಲ. ಗದಗಿನ ಅವಳ ಕಾಲೇಜಿಗೆ ಮಂಜೂರಾಗಿತ್ತು, ಬಂದಿರಲಿಲ್ಲ. ಹಾಗಾಗಿ ಬಾಯಿ ಕ್ಯಾನ್ಸರ್ ರೋಗಿಗಳು ಒಪ್ಪಿ ಕೊಟ್ಟ ಗಡ್ಡೆಯ ಚೂರುಗಳನ್ನು ಸಣ್ಣ ನಳಿಕೆಗಳಲ್ಲಿ ಹಾಕಿ ಬೆಳ್ಳಟ್ಟಿಯ ನಂದೀಶನ ಕ್ಯಾನಿನಲ್ಲಿ ಇಟ್ಟಳು. ನಂದೀಶ ದೊಡ್ಡಪ್ಪನ ಮಗ. ಎಮ್ಮೆ, ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ವೀರ್ಯ ತುಂಬಿದ ಸಣ್ಣ ಕಡ್ಡಿಗಳು ಕೆಡದಂತೆ ಅವನ ಕ್ಯಾನಿನಲ್ಲಿ ಸದಾ ಡೀಪ್ ಫ್ರೀಜರಿಗಿಂತ ತಣ್ಣಗಿನ ದ್ರವ ಸಾರಜನಕ ಇರುತ್ತಿತ್ತು.

ಅವಳು ಹುಡುಕುತ್ತಿದ್ದುದು ಒಂದು ಪ್ರೋಟೀನಿನ ಕೆಲಸ. ಜೀನು ಬರೆದು ಕಳಿಸುವ ಆರ್‌ಎನ್‌ಎ ಸಂದೇಶ ಕೆಲಸ ಮುಗಿದ ಮೇಲೆ ಕೊಳೆತು ಹೋಗಬೇಕು. ಕ್ಯಾನ್ಸರ್ ಕೋಶದಲ್ಲಿ ಈ ಪ್ರೋಟೀನು ಸಂದೇಶದ ಬಾಲ ಹಿಡಿದು ಕೊಳೆಯಗೊಡುವುದಿಲ್ಲ. ಬೆಳೆಯಬೇಕೆಂಬ ಅಪ್ಪಣೆ ಮುಗಿಯುವುದೇ ಇಲ್ಲ. ಯಾರ ಗಡ್ಡೆಯಲ್ಲಿ ಈ ಹಿಡಿತ ಹೆಚ್ಚು, ಯಾರಿಗೆ ರೋಗ ಮರಳಿ ಬಂತು ಎಂದು ಅವಳು ತಾಳೆ ನೋಡಬೇಕಿತ್ತು. ತಂಪು ತಪ್ಪಿದರೆ ಆರ್‌ಎನ್‌ಎ ನಿಮಿಷಗಳಲ್ಲಿ ಹಾಳಾಗುತ್ತದೆ. ನಂದೀಶನಿಗೆ ಇದಾವುದನ್ನೂ ಅವಳು ಹೇಳಲಿಲ್ಲ. “ಕ್ಯಾನ್ಸರ್ ಐತೋ ಅಣ್ಣಾ, ಥಂಡ್ಯಾಗ ಇಡು” ಎಂದಳು, ಅಷ್ಟೇ.

ಮಳೆಗಾಲ ಮುಗಿದ ಮೇಲೆ ಚೂರುಗಳನ್ನು ತರಲು ಹೋದಾಗ ನಂದೀಶನ ಅಂಗಳದಲ್ಲಿ ಊರಿನ ಗಾಳೆಪ್ಪ ಎಮ್ಮೆ ಹಿಡಿದುಕೊಂಡು ನಿಂತಿದ್ದ.

“ನಿನ್ನ ಕ್ಯಾನ್ಸರ್ ನೋಡೇನವಾ ತಂಗಿ. ಶೇಂಗಾ ಬೀಜದಷ್ಟೂ ಇಲ್ಲ! ನಾ ಕುಂಬಳಕಾಯಿ ಅಂದ್ಕೊಂಡಿದ್ದೆ.”

“ಎಲ್ಲಿ ನೋಡಿದ್ರಿ?”

“ಇಲ್ಲೇ. ಎಮ್ಮಿ ತಂದವರೆಲ್ಲಾ ನೋಡೇವಿ, ಒಂದೊಂದಾಗಿ ಎಲ್ಲಾ ನಳಿಕಿ.”

ನಂದೀಶ ನಕ್ಕ. “ಲಕ್ಷ್ಮೇಶ್ವರದ ಲಾಡಸಾಬ ಸುದ್ದಿ ಕೇಳಿ ತನ್ನದು ತಾನ ನೋಡಾಕ ಬಸ್ಸಿಗೆ ಬಂದಿದ್ದ. ಪಾಪ, ದವಡಿ ಕೊಯ್ಸಿಕೊಂಡಾನ. ಇಲ್ಲ ಅನ್ನಾಕ ಆಗಲಿಲ್ಲ. ಚಿಮಟಿಗಿಲೆ ಎತ್ತಿ ಹಿಡದೆ. ಅದನ್ನ ಹೊಟ್ಟಿತುಂಬ ಬೈದು ಹೋದ.”

“ಹೊರಗ ತಗದಿ? ಕಡ್ಡಿನೂ ಹಿಂಗ ತಗೀತಿ ಏನು?”

“ಛೇ, ಹಾಕೂತನಕ ಕಡ್ಡಿ ಕ್ಯಾನಿನ ಕುತ್ತಿಗಿ ದಾಟಸೂದಿಲ್ಲ, ಸಾಯತಾವು. ನಿನ್ನದರಾಗ ಜೀವ ಎಲ್ಲೈತಿ? ಕೊಯ್ದು ಒಗದದ್ದಲ್ಲೇನು?”

ತನ್ನ ಕಸುಬಿನ ಲೆಕ್ಕದಲ್ಲಿ ಅವನು ಸರಿಯಾಗಿಯೇ ಇದ್ದ. ದನಕ್ಕೆ ಇಂಜೆಕ್ಷನ್ ಹಾಕುವವನಿಗೆ ಆರ್‌ಎನ್‌ಎ ಏನು ತಿಳಿದೀತು ಎಂದುಕೊಂಡು ಹೇಳದೆ ಬಿಟ್ಟಿದ್ದವಳು ಅವಳೇ.

ಗದಗಿಗೆ ಒಯ್ದು ಪರೀಕ್ಷಿಸಿದಳು. ಜೆಲ್ ಹಾಳೆಯ ಮೇಲೆ ಆರ್‌ಎನ್‌ಎಯ ಸ್ಪಷ್ಟ ಗೆರೆಗಳು ಮೂಡಬೇಕಾದಲ್ಲಿ ಬರೀ ಕಲೆ. ಮೈಯೊಳಗೆ ಕೊಳೆಯದೆ ಉಳಿದಿದ್ದ ಸಂದೇಶ ಬೆಳ್ಳಟ್ಟಿಯ ಬಿಸಿಲಿಗೆ ಕೊಳೆತಿತ್ತು. ರೋಗಿಗಳನ್ನು ಮತ್ತೆ ಚೂರು ಕೇಳುವಂತಿರಲಿಲ್ಲ, ಎಲ್ಲರಿಗೂ ಔಷಧಿ, ವಿಕಿರಣ ಆಗಿಹೋಗಿತ್ತು, ಮೊದಲಿನ ಗಡ್ಡೆ ಯಾರ ಬಾಯಲ್ಲೂ ಇರಲಿಲ್ಲ. ಲಾಡಸಾಬನಂತೂ ದೀಪಾವಳಿಗೆ ಮುಂಚೆಯೇ ತೀರಿಕೊಂಡ.

ಹಾಳಾದದ್ದು ಹನ್ನೊಂದು ಜನರ ಇಪ್ಪತ್ತೆರಡು ನಳಿಕೆ. ಆ ಹನ್ನೊಂದು ಜನರಲ್ಲಿ ಮೂವರು ಈಗಿಲ್ಲ.