ಮುನಿರಾಮಯ್ಯನ ಸಪ್ಪೆ ಟೀ

ಹನುಮಕ್ಕ ಸಕ್ಕರೆ ಡಬ್ಬವನ್ನು ಮೋರಿಗೆ ಎಸೆದದ್ದು ಗೋವಿಂದರಾಜನಗರದ ಆ ಅಡ್ಡರಸ್ತೆಗೆಲ್ಲ ಗೊತ್ತು. ಎಸೆಯುವ ಮುಂಚೆ ಅದರಿಂದ ಗಂಡನ ಬೆನ್ನಿಗೆ ಒಂದು ಬಾರಿಸಿದ್ದಳು ಅನ್ನುವುದು ಪಕ್ಕದ ಮನೆಯವರಿಗೆ ಮಾತ್ರ ಗೊತ್ತು. ಬಾರಿಸದೆ ಮುದ್ದು ಮಾಡಬೇಕಿತ್ತೇ? ಮುನಿರಾಮಯ್ಯನ ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು. ಆದದ್ದೇ ಅವನಿಗೆ ಗೊತ್ತಾಗದ ಸಣ್ಣದೊಂದು ಗಾಯ ಮಾಯದೆ ಕೊಳೆತು, ಆಸ್ಪತ್ರೆಯಲ್ಲಿ ಬೆರಳು ಕತ್ತರಿಸಿ ಮನೆಗೆ ಕಳಿಸುವಾಗ ಡಾಕ್ಟರಮ್ಮ ಹನುಮಕ್ಕನನ್ನೇ ಕರೆದು ಹೇಳಿದ್ದರು.

"ಮೂರು ತಿಂಗಳು ಟೈಮು ಅಮ್ಮ. ಸಕ್ಕರೆ ಪೂರ್ತಿ ನಿಲ್ಲಿಸಿ. ಶುಗರ್ ಇಳೀಲಿಲ್ಲ ಅಂದ್ರೆ ಮುಂದಿನ ಸಲ ಪಾದಾನೇ ತೆಗೀಬೇಕಾಗುತ್ತೆ."

ಅವತ್ತಿನಿಂದ ಆ ಪಾದ ಗಂಡನದಲ್ಲ, ತನ್ನದು ಅನ್ನುವ ಹಾಗೆ ಅವಳು ಕಾವಲು ನಿಂತಳು.

ಇದೇ ಮುನಿರಾಮಯ್ಯ ಮದುವೆಯಾದ ಹೊಸದರಲ್ಲಿ, ಕಾಫಿಗೆ ಸಕ್ಕರೆ ಕಮ್ಮಿಯಾಯಿತೆಂದು ಕುದಿಯುವ ಲೋಟವನ್ನೇ ಅವಳ ಮುಖಕ್ಕೆ ಎಸೆದವನು. ಲೋಟದ ಅಂಚು ತಗುಲಿದ ಕಲೆ ಹುಬ್ಬಿನ ಮೇಲೆ ಈಗಲೂ ಇದೆ. ಒಂದು ಲೋಟಕ್ಕೆ ನಾಲ್ಕು ಚಮಚ ಬೇಕು ಆ ಮಹಾರಾಯನಿಗೆ, ಮೂರೂವರೆ ಬಿದ್ದರೆ ಕೆನ್ನೆಗೆ ಏಟು. ಬಿನ್ನಿಪೇಟೆಯ ಮಿಲ್ಲಿನ ಕೆಲಸ ಹೋದ ಮೇಲೆ ಇನ್ನೂ ಜೋರಾಯಿತು. ಮೂವತ್ತು ವರ್ಷ ಅವಳು ಏಟು ತಿಂದಳು. ಈಗ ಅವನಿಗೆ ಅರವತ್ತು ದಾಟಿ ಮೈ ಕರಗಿದೆ, ಕಲ್ಯಾಣ ಮಂಟಪವೊಂದರಲ್ಲಿ ಸೆಕ್ಯೂರಿಟಿ ಕೆಲಸ. ಅವಳಾದರೋ ವಿಜಯನಗರದ ಪಿ.ಜಿ.ಯೊಂದರಲ್ಲಿ ದಿನಕ್ಕೆ ಮುನ್ನೂರು ಚಪಾತಿ ಲಟ್ಟಿಸುತ್ತಾಳೆ. ತೋಳು ಹೇಗಿರಬೇಕು ನೀವೇ ಹೇಳಿ. ಗಂಡನ ಮೇಲೆ ಕೈ ಮಾಡುವಾಗಲೆಲ್ಲ ಬಾಯಲ್ಲಿ 'ನಿನ್ನ ಕಾಲು ಉಳೀಲಿ ಅಂತ' ಎನ್ನುತ್ತಿದ್ದಳು. ನಿಜಕ್ಕೂ ಅದೇ ಆಸೆ. ಆದರೆ ಒಳಗೊಳಗೇ ಹಿತವೂ ಆಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಸಕ್ಕರೆ ಹೋಯಿತು, ಬೆಲ್ಲ ಹೋಯಿತು, ಬಾಳೆಹಣ್ಣು ಹೋಯಿತು. ಅರ್ಧ ಮುದ್ದೆ, ಸೊಪ್ಪಿನ ಸಾರು, ಹಾಗಲಕಾಯಿ ಪಲ್ಯ. ಮಂಟಪದ ಪಕ್ಕದಲ್ಲಿ ಭೈರೇಶನ ಟೀ ಗಾಡಿ. ಮುನಿರಾಮಯ್ಯ ದಿನಕ್ಕೆ ಏಳೆಂಟು ಟೀ ಕುಡಿಯುವವನು. ಹನುಮಕ್ಕ ಅಲ್ಲಿಗೂ ಹೋಗಿ, ನಾಲ್ಕು ಜನರ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ನೋಡಪ್ಪ ಭೈರೇಶ, ಇವ್ನ ಟೀಗೆ ಸಕ್ಕರೆ ಬಿತ್ತು ಅಂತ ಗೊತ್ತಾದ್ರೆ ನಿನ್ನ ಗಾಡಿ ಇಲ್ಲಿರಲ್ಲ."

"ಆಯ್ತು ಕಣಕ್ಕ. ಒಂದು ಚಮಚಾನೂ ಹಾಕಲ್ಲ. ಬೇಕಾದ್ರೆ ಅಣ್ಣನ್ನೇ ಕೇಳಿ," ಎಂದು ಭೈರೇಶ ನಕ್ಕ.

ಮುನಿರಾಮಯ್ಯ ಸಂಜೆ ಬಂದವನೇ ಗೊಣಗುತ್ತಿದ್ದ. "ಸಪ್ಪೆ ಕಣೇ. ಕಲಗಚ್ಚು ಕುಡಿದಂಗಾಯ್ತದೆ." ಅವನು ಹಾಗೆ ಗೊಣಗಿದಷ್ಟೂ ಅವಳಿಗೆ ಸಮಾಧಾನ. ಮಾರಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿಸಿ ಆಣೆಯನ್ನೂ ಮಾಡಿಸಿಕೊಂಡಳು. ಅವನು ಎರಡು ಮಾತಿಲ್ಲದೆ ಮಾಡಿದ.

ಮೂರು ತಿಂಗಳು ಕಳೆದು ರಕ್ತ ಕೊಟ್ಟು ಬಂದರು. ಸೋಮವಾರ ಮಧ್ಯಾಹ್ನ ರಿಪೋರ್ಟು ಕೈಗೆ ಬಂತು. ಲ್ಯಾಬಿನ ಹುಡುಗಿ ರಕ್ಷಾ ಕಾಗದ ನೋಡಿ ಮುಖ ಸಣ್ಣ ಮಾಡಿದಳು.

"ಏನೂ ಇಳಿದಿಲ್ಲ ಆಂಟಿ. ಸ್ವಲ್ಪ ಏರಿದೆ. ಇದು ಒಂದಿನದ್ದಲ್ಲ, ಮೂರು ತಿಂಗಳದ್ದು. ಅಂಕಲ್ ದಿನಾ ಸ್ವೀಟ್ ತಿಂತಾ ಇರ್ಬೇಕು."

ಹನುಮಕ್ಕನಿಗೆ ಪಿತ್ತ ನೆತ್ತಿಗೇರಿತು. ಜೊತೆಗಿದ್ದ ಗಂಡನ ರಟ್ಟೆ ಹಿಡಿದು ಎಳೆದುಕೊಂಡು ನಡೆದಳು. ಮನೆಗೆ ಬಂದು ಬಾಗಿಲ ಅಗುಳಿ ಹಾಕಿ, ಮೊಳೆಗೆ ನೇತುಹಾಕಿದ್ದ ಅವನ ಯೂನಿಫಾರಂ ಜೇಬಿಗೆ ಕೈ ಹಾಕಿದಳು. ಪೇಪರಿನಲ್ಲಿ ಸುತ್ತಿದ ಹೋಳಿಗೆ ಸಿಕ್ಕಿತು. ಅರ್ಧ ಮಾತ್ರ ಇತ್ತು.

"ಮದ್ವೆ ಮನೆಯೋರು ಕೈಗೆ ತುರುಕಿದ್ರು ಕಣೇ. ಬ್ಯಾಡ ಅನ್ನಕ್ಕಾಗ್ಲಿಲ್ಲ. ಅರ್ಧ ನಾಯಿಗೆ ಹಾಕ್ದೆ, ಇನ್ನರ್ಧ ಸಾಯಂಕಾಲಕ್ಕೆ ಹಾಕಾಣ ಅಂತ..."

"ನಾಯಿಗೆ."

"ಮಾರಮ್ಮನಾಣೆ."

ಆ ಆಣೆಯೇ ಅವಳ ತಾಳ್ಮೆ ಕೆಡಿಸಿತು. ಕೈಗೆ ಸಿಕ್ಕಿದ್ದು ಲಟ್ಟಣಿಗೆ, ಪಿ.ಜಿ.ಯಿಂದ ತಂದಿದ್ದ ಮೊಳದುದ್ದದ ದಪ್ಪ ಮರದ್ದು. ಮೊದಲ ಏಟು ಹೆಗಲಿಗೆ ಬಿತ್ತು. ಅವನು ಗೋಡೆಗೆ ಒರಗಿ ಕುಸಿದ. ಎರಡನೆಯದು ಮೊಣಕೈಗೆ. "ಅಯ್ಯೋ" ಎಂದು ಕೂಗಿ ಕೈ ಮಡಚಿಕೊಂಡ. ಪಾತ್ರೆಯ ಸ್ಟ್ಯಾಂಡು ಉರುಳಿ ತಟ್ಟೆಗಳು ಚೆಲ್ಲಾಪಿಲ್ಲಿಯಾದವು. ಅವನು ಕೈ ಎತ್ತಲಿಲ್ಲ, ಹಿಂದಿನ ಕಾಲವಾಗಿದ್ದರೆ ಅವಳ ಜುಟ್ಟು ಹಿಡಿದು ಗೋಡೆಗೆ ಜಜ್ಜುತ್ತಿದ್ದ. ಈಗ ಬರೀ ಕಾಲು ಚಾಚಿ ಕೂತಿದ್ದ.

"ಈ ಕಾಲಿಗೋಸ್ಕರ ತಾನೇ ನಾನು ಸಾಯ್ತಿರೋದು? ಈ ಹಾಳು ಕಾಲಿಗೋಸ್ಕರ?"

ಲಟ್ಟಣಿಗೆ ಎಡಪಾದದ ಮೇಲೆ ಇಳಿಯಿತು. ಮುನಿರಾಮಯ್ಯ ಕೂಗಲಿಲ್ಲ. ಮುಖ ಕೂಡ ಕಿವಿಚಲಿಲ್ಲ. ಹೆಗಲಿಗೆ ಬಿದ್ದಾಗ ನರಳಿದವನು ಈಗ ಸುಮ್ಮನೆ ಅವಳ ಕಣ್ಣನ್ನೇ ನೋಡುತ್ತಿದ್ದ. ಎಂಥಾ ಹಟ ಅಂದುಕೊಂಡಳು. ಮೂವತ್ತು ವರ್ಷದ ಸೊಕ್ಕು ಇನ್ನೂ ಇಳಿದಿಲ್ಲ ಅಂದುಕೊಂಡು ಇನ್ನೊಂದು ಕೊಟ್ಟಳು. ಆಗಲೂ ಕೂಗಲಿಲ್ಲ. ಮೂರನೆಯದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಒಳಗೆ ಏನೋ ಲಟಕ್ಕೆಂದಿತು. ಅವಳು ಅದನ್ನು ಮರದ ಸದ್ದು ಅಂದುಕೊಂಡಳು.

"ನಾನು ತಿಂದಿಲ್ಲ ಕಣೇ ಹನುಮಿ," ಎಂದಷ್ಟೇ ಅಂದ.

ಆಮೇಲೆ ಮೂರು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. ಅನ್ನದ ತಟ್ಟೆಯನ್ನು ದೂಡಿ, ಕೆಲಸಕ್ಕೆ ಹೋಗುತ್ತಿದ್ದಳು. ಅವನು ಕಾಲುಚೀಲ ಏರಿಸಿ, ಬೂಟು ಹಾಕಿ, ಸ್ವಲ್ಪ ಕುಂಟುತ್ತ ಡ್ಯೂಟಿಗೆ ಹೋಗಿ ಬರುತ್ತಿದ್ದ. ಮಲಗುವಾಗಲೂ ಕಾಲುಚೀಲ ಬಿಚ್ಚಲಿಲ್ಲ. ನಾಟಕ ಅಂದುಕೊಂಡಳು. ಆದರೂ ಅವಳ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ಹೋಳಿಗೆ ಎಲ್ಲೋ ಒಂದು ದಿನ ಸಿಕ್ಕೀತು, ದಿನಾ ತಿನ್ನುವುದು ಎಲ್ಲಿಂದ?

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ, ಅವನಿಗಿಂತ ಮೊದಲೇ ಎದ್ದು ಹೋಗಿ ಭೈರೇಶನ ಗಾಡಿಯ ಎದುರಿಗಿದ್ದ ಆಟೋದ ಮರೆಗೆ ನಿಂತಳು. ಕಣ್ಣಾರೆ ಹಿಡಿಯಬೇಕು, ಅಲ್ಲೇ ಇಬ್ಬರ ಗ್ರಹಚಾರ ಬಿಡಿಸಬೇಕು ಅನ್ನುವುದು ಅವಳ ಲೆಕ್ಕ. ಭೈರೇಶ ಒಲೆ ಹೊತ್ತಿಸಿ ದೊಡ್ಡ ಪಾತ್ರೆಗೆ ಹಾಲಿನ ಪ್ಯಾಕೆಟ್ಟುಗಳನ್ನು ಸುರಿದ. ಆಮೇಲೆ ಸಕ್ಕರೆ ಚೀಲದ ಬಾಯಿ ಬಿಚ್ಚಿ, ಡಬರಿಯಲ್ಲಿ ಮೊಗೆದು ಮೊಗೆದು ಆ ಹಾಲಿಗೇ ಹಾಕಿ ತಿರುವಿದ. ಬೆಳಗಿನ ಗಿರಾಕಿಗಳ ನೂಕುನುಗ್ಗಲಿನಲ್ಲಿ ಲೋಟ ಲೋಟಕ್ಕೂ ಸಕ್ಕರೆ ಹಾಕುತ್ತ ಕೂರಲು ಯಾರಿಗೆ ಪುರುಸೊತ್ತು? ಒಟ್ಟಿಗೆ ಹಾಕಿಬಿಟ್ಟರೆ ಆಯಿತು. ಸ್ಟ್ರಾಂಗು ಸಿಹಿ ಬೇಕೆಂದವರಿಗೆ ಮೇಲೆ ಒಂದೊಂದು ಚಮಚ.

ಮುನಿರಾಮಯ್ಯ ಕುಂಟಿಕೊಂಡು ಬಂದ. "ಸಕ್ಕರೆ ಹಾಕ್ಬ್ಯಾಡ ಕಣಪ್ಪ," ಎಂದ, ದಿನಾ ಹೇಳಿ ಹೇಳಿ ಸವೆದ ದನಿಯಲ್ಲಿ.

"ಗೊತ್ತಣ್ಣ," ಎಂದು ಭೈರೇಶ ಡಿಕಾಕ್ಷನ್ನಿಗೆ ಅದೇ ಪಾತ್ರೆಯ ಹಾಲು ಹುಯ್ದು, ಚಮಚ ಮುಟ್ಟದೆ ಲೋಟ ಕೊಟ್ಟ.

ಮುನಿರಾಮಯ್ಯ ಒಂದು ಗುಟುಕು ಹೀರಿ ಮುಖ ಹಿಂಡಿದ. ನಾಲ್ಕು ಚಮಚಕ್ಕೆ ಪಳಗಿದ ನಾಲಿಗೆಗೆ ಅದು ಸಪ್ಪೆಯೇ.

ಹನುಮಕ್ಕ ಆಟೋ ಹಿಂದಿನಿಂದ ಹೇಗೆ ಬಂದಳೋ ಅವಳಿಗೇ ನೆನಪಿಲ್ಲ. ಹಾಲಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಬೋರಲು ಹಾಕಿದಳು. ಕುದಿಯುವ ಹಾಲು ಭೈರೇಶನ ತೊಡೆಯಿಂದ ಪಾದದವರೆಗೆ ಇಳಿಯಿತು. ಅವನು ಕಿರುಚಿ ಹಿಂದಕ್ಕೆ ಬಿದ್ದ. ಅವಳು ಸೌಟು ಕಿತ್ತುಕೊಂಡು ಅವನ ತಲೆಗೆ, ಬೆನ್ನಿಗೆ, ಅಡ್ಡ ತಂದ ಕೈಗೆ ಬಡಿದಳು.

"ಒಂದು ಚಮಚಾನೂ ಹಾಕಲ್ಲ ಅಂದ್ಯಲ್ಲೋ. ಮೂರು ತಿಂಗಳು ನನ್ನ ಗಂಡಂಗೆ ವಿಷ ಹಾಕಿದ್ಯಲ್ಲೋ."

"ಮೇಲೆ ಹಾಕಿಲ್ಲ ಅಕ್ಕ, ದೇವ್ರಾಣೆ ಹಾಕಿಲ್ಲ. ಹಾಲಲ್ಲಿ ಇರೋದು ಎಲ್ಲಾರ್ಗೂ ಇರೋದೇ ಅಲ್ವಾ?" ಭೈರೇಶ ಅಳುತ್ತಿದ್ದ. ಸುಳ್ಳು ಹೇಳುವವನ ಅಳುವಲ್ಲ ಅದು. ತಾನು ಮಾಡಿದ ತಪ್ಪೇನು ಅಂತ ಅವನಿಗೆ ಆಗಲೂ ಹೊಳೆದಿರಲಿಲ್ಲ.

ಯಾರೋ ಇಬ್ಬರು ಅವಳ ರಟ್ಟೆ ಹಿಡಿದರು. ಕೊಡವಿದಳು. ಕೊನೆಗೆ ಅವಳನ್ನು ಹಿಂದಿನಿಂದ ತಬ್ಬಿ ಎಳೆದವನು ಮುನಿರಾಮಯ್ಯನೇ. "ಬಿಡೇ, ಸತ್ತೋಯ್ತಾನೆ," ಎನ್ನುತ್ತ ಎಳೆದಾಗ ಅವನ ಬೂಟಿನಿಂದ ಪಚಕ್ಕೆಂದು ಸದ್ದು ಬಂತು. ಚೆಲ್ಲಿದ ಹಾಲಿನ ಮೇಲೆ ಕಂದು ಬಣ್ಣದ ನೀರು ಹರಿಯಿತು. ಜೊತೆಗೆ ಒಂದು ವಾಸನೆ. ಸಕ್ಕರೆ ಹಾಲಿನ ವಾಸನೆಯನ್ನೂ ಮೀರಿ ಅದು ಮೂಗಿಗೆ ಹೊಡೆಯಿತು. ಬೆರಳು ಹೋದಾಗಿನ ವಾಸನೆ ಅವಳಿಗೆ ಚೆನ್ನಾಗಿ ಗೊತ್ತು.

ಹನುಮಕ್ಕ ನೆಲಕ್ಕೆ ಕೂತು ಬೂಟಿನ ದಾರ ಬಿಚ್ಚಿದಳು. ಕಾಲುಚೀಲ ಚರ್ಮಕ್ಕೆ ಅಂಟಿತ್ತು. ಎಳೆದಾಗ ಪಾದದ ಮೇಲ್ಭಾಗ ಕಪ್ಪಗೆ ಊದಿ ಬಿರಿದು, ಮೂಳೆ ಜರುಗಿದ ಕಡೆ ಗುಂಡಿ ಬಿದ್ದಿತ್ತು. ಅದರ ಮೇಲೆಯೇ ಮೂರು ದಿನ ಓಡಾಡಿದ್ದ ಅವನು, ಬಗ್ಗಿ ನೋಡಿ, "ಇದೇನೇ ಹಿಂಗಾಗದೆ?" ಎಂದು ಅವಳನ್ನೇ ಕೇಳಿದ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಕಾಲನ್ನು ತಿರುಗಿಸಿ ನೋಡಿ, "ಏಟು ಹೇಗೆ ಬಿತ್ತು?" ಎಂದು ಕೇಳಿದರು.

"ಗ್ಯಾಸ್ ಸಿಲಿಂಡ್ರು ಬಿತ್ತು ಮೇಡಂ," ಎಂದ ಮುನಿರಾಮಯ್ಯ ತಡವರಿಸದೆ.

ಡಾಕ್ಟರಮ್ಮ ನಂಬಿ ಬರೆದುಕೊಂಡರು. ಹನುಮಕ್ಕನ ಎದೆ ಬಿರಿಯಿತು. ಮೂರು ತಿಂಗಳು ಈ ಬಾಯಿ ಬರೀ ನಿಜ ಹೇಳಿತ್ತು, ರಿಪೋರ್ಟು ಬಂದ ದಿನ ತಾನು ಅದನ್ನು ನಂಬಲಿಲ್ಲ.

"ಸುಳ್ಳು ಹೇಳ್ತಾವ್ನೆ ಮೇಡಂ. ನಾನು ಹೊಡ್ದೆ. ಲಟ್ಟಣಿಗೇಲಿ ಮೂರು ಸಲ ಹೊಡ್ದೆ."

ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿದರು. ಆಮೇಲೆ ಮೆಲ್ಲಗೆ, ವಿಷ ಮೇಲೇರುತ್ತಿದೆ, ಮೊಣಕಾಲಿನ ಕೆಳಗೆ ತೆಗೆಯಲೇಬೇಕು, ಇವತ್ತೇ, ಎಂದರು. ನರ್ಸು ಕಾಗದ ತಂದು ಹೆಂಡತಿ ಸಹಿ ಹಾಕಬೇಕಾದ ಜಾಗ ತೋರಿಸಿದಳು.

ಹನುಮಕ್ಕ ಪೆನ್ನು ಹಿಡಿದು ಮಂಚದ ಕಡೆ ತಿರುಗಿದಳು.

"ಯಾಕೆ ಕೂಗ್ಲಿಲ್ಲ ನೀನು? ಕಾಲಿಗೆ ಹೊಡ್ದಾಗ ಒಂದ್ಸಲಾನಾದ್ರೂ ಯಾಕೆ ಕೂಗ್ಲಿಲ್ಲ?"

ಮುನಿರಾಮಯ್ಯ ತನ್ನ ಕಾಲಿನ ಕಡೆ ನೋಡಿದ.

"ನೋವೇ ಆಗ್ಲಿಲ್ಲ ಕಣೇ," ಎಂದ. "ಮೆತ್ತಗೆ ಹೊಡೀತಾವ್ಳೆ, ನನ್ನ ಮಾತ್ನ ನಂಬವ್ಳೆ ಅಂದ್ಕೊಂಡೆ."